ಸಾಕ್ಷಿಯ ಮುಂದೆ ನಿಲ್ಲುವ ಹಕ್ಕು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ನಾಯಿಯ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು. ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಚಿತ್ರ, ಜೊತೆಗೆ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ. ಗಂಗರ ಇಮ್ಮಡಿ ಬೂತುಗನ ಕಡೆಯ ಮಣಲೆರ ಎಂಬ ವೀರ ಅದನ್ನು ಬೇಡಿ ಪಡೆದಿದ್ದ. ಬೇಟೆಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಗುಡಿಯ ಅರ್ಚಕ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆಂದು ಬರೆಸಿದರು. ಇದು ನಡೆದದ್ದು ಕ್ರಿ.ಶ. 949–50ರಲ್ಲಿ.

ಇದೇ ಕಲ್ಲಿನಲ್ಲಿ ದಕ್ಷಿಣ ಭಾರತದ ಚರಿತ್ರೆಯ ಒಂದು ದೊಡ್ಡ ಯುದ್ಧದ ವರದಿಯೂ ಇದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಎದುರಿಸಿದಾಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಬೂತುಗ ಎನ್ನುತ್ತದೆ ಶಾಸನ. ಒಂದು ಸಾಮ್ರಾಜ್ಯದ ಹಣೆಬರಹ ತಿರುಗಿದ ಸುದ್ದಿಯೂ ಒಂದು ನಾಯಿಯ ಸಾವಿನ ದುಃಖವೂ ಒಂದೇ ಬಂಡೆಯ ಮೇಲೆ ಅಕ್ಕಪಕ್ಕ ಕುಳಿತಿವೆ. ಹತ್ತನೆಯ ಶತಮಾನದ ಕನ್ನಡಿಗನ ಮನಸ್ಸು ಎಂಥದ್ದಿತ್ತು ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ. ಆದರೂ ರಜೆಯ ದಿನ ಬರುವ ಮಕ್ಕಳು, ಅವರ ಹಿಂದೆ ನಡೆಯುವ ದೊಡ್ಡವರು ಇಂಥ ಕಲ್ಲುಗಳ ಮುಂದೆ ನಿಲ್ಲುವುದು ಕ್ಷಣಮಾತ್ರ. ತಪ್ಪು ಅವರದಲ್ಲ. ಅವರ ಮುಂದಿರುವುದು ಏನೆಂದು ಅವರಿಗೆ ಯಾರೂ ಹೇಳಿಲ್ಲ.

ಮ್ಯೂಸಿಯಂ ಜನರಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರಗಳು ಮೂರು: ಜ್ಞಾನ, ಮನರಂಜನೆ, ಪರಂಪರೆಯ ಹೆಮ್ಮೆ. ಮೂರೂ ಸುಳ್ಳಲ್ಲ. ಆದರೆ ಜ್ಞಾನ ಪುಸ್ತಕದಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ. ಮನರಂಜನೆಗೆ ಬೇರೆ ನೂರು ದಾರಿಗಳಿವೆ. ಹೆಮ್ಮೆಯಂತೂ ಈಗ ಬೇಕಾದಷ್ಟು ಅಗ್ಗ. ಬೇರೆಲ್ಲೂ ಸಿಗದೆ ಮ್ಯೂಸಿಯಂನಲ್ಲಿ ಮಾತ್ರ ಸಿಗುವುದು ಸಾಕ್ಷಿ. ಯಾರೋ ಹೇಳಿದ ಕಥೆ ಅಲ್ಲ, ಆ ಕಥೆಗೆ ಆಧಾರವಾದ ವಸ್ತುವೇ ಎದುರಿಗಿರುತ್ತದೆ. ಅದನ್ನು ಯಾವ ಪಂಡಿತನ ಮಧ್ಯಸ್ತಿಕೆಯೂ ಇಲ್ಲದೆ ಸಾಮಾನ್ಯ ಮನುಷ್ಯ ಕಣ್ಣಾರೆ ನೋಡಬಹುದು. ನೋಡಿ, ‘ಇದರಿಂದ ಅದು ಹೇಗೆ ಸಿದ್ಧವಾಯಿತು?’ ಎಂದು ಕೇಳಬಹುದು.

ಈ ಪ್ರಶ್ನೆ ಕೇಳುವ ಅಭ್ಯಾಸ ಇವತ್ತು ನಮಗೆ ಎಷ್ಟು ಬೇಕಾಗಿದೆ ಎಂಬುದನ್ನು ವಿವರಿಸಬೇಕಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಫೋನಿನಲ್ಲಿ ಹತ್ತು ಇತಿಹಾಸಗಳು ಬಂದು ಕೂತಿರುತ್ತವೆ. ಯಾವ ರಾಜ ಯಾರ ಗುಡಿ ಕೆಡವಿದ, ಯಾವ ಜಾತಿ ಯಾವ ಸಾಮ್ರಾಜ್ಯ ಕಟ್ಟಿತು, ಯಾವ ಭಾಷೆ ಎಷ್ಟು ಸಾವಿರ ವರ್ಷ ಹಳೆಯದು. ಎಲ್ಲವೂ ಅಪ್ಪಣೆಯ ಧಾಟಿಯಲ್ಲಿ ಹೇಳಿದ ಮಾತುಗಳು, ಒಂದಕ್ಕೂ ಆಧಾರ ಹೇಳಿರುವುದಿಲ್ಲ. ಇವುಗಳಿಗೆ ಎದುರಾಗಿ ಇನ್ನೊಂದು ಘೋಷಣೆ ಕೂಗಿದರೆ ಪ್ರಯೋಜನವಿಲ್ಲ. ಘೋಷಣೆಗೂ ಸಾಕ್ಷಿಗೂ ಇರುವ ಅಂತರ ಗೊತ್ತಿರುವ ಜನ ಬೇಕು. ಆ ಅಂತರವನ್ನು ಕಲಿಸಲು ಆತಕೂರಿನ ಕಲ್ಲಿನಷ್ಟು ಒಳ್ಳೆಯ ಪಾಠ ಬೇರೆ ಬೇಕೆ? ರಾಜಾದಿತ್ಯನ ಸಾವನ್ನು ಈ ಕಲ್ಲು ಬೂತುಗನ ಪರಾಕ್ರಮವಾಗಿ ಹೇಳುತ್ತದೆ. ಚೋಳರ ಲೈಡನ್ ತಾಮ್ರಪಟಗಳು ಅದೇ ಸಾವನ್ನು ಆನೆಯ ಮೇಲೆ ಕುಳಿತು ಹೋರಾಡುತ್ತ ಎದೆಗೆ ಬಾಣ ನಾಟಿ ಮಡಿದ ವೀರನ ಸಾವಾಗಿ ಹೇಳುತ್ತವೆ. ಗೆದ್ದವರ ಕಲ್ಲು, ಸೋತವರ ತಾಮ್ರ. ಇಬ್ಬರೂ ಒಪ್ಪುವ ಸಂಗತಿ ಯಾವುದು, ಒಬ್ಬರು ಮಾತ್ರ ಹೇಳುವುದು ಯಾವುದು, ಯಾಕೆ ಹಾಗೆ ಹೇಳಿರಬಹುದು? ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಇಷ್ಟನ್ನು ಆ ಕಲ್ಲಿನ ಮುಂದೆಯೇ ನಿಲ್ಲಿಸಿ ವಿವರಿಸಿದರೆ, ಮುಂದೆ ಅವಳಿಗೆ ಬರುವ ಯಾವ ಇತಿಹಾಸದ ಸಂದೇಶವನ್ನೂ ಅವಳು ಮೊದಲಿನಂತೆ ಓದಲಾರಳು.

ಆದರೆ ನಮ್ಮ ಹೆಚ್ಚಿನ ಮ್ಯೂಸಿಯಂಗಳು ಸಾಕ್ಷಿಯನ್ನು ಎದುರಿಗಿಟ್ಟು, ಅದು ಸಾಕ್ಷಿ ಎಂಬುದನ್ನೇ ಮುಚ್ಚಿಡುತ್ತವೆ. ಫಲಕದ ಮೇಲೆ ‘ವೀರಗಲ್ಲು, ಗಂಗರ ಕಾಲ, 10ನೇ ಶತಮಾನ’ ಎಂದಿರುತ್ತದೆ, ಅಥವಾ ‘ಚತುರ್ಭುಜ ವಿಷ್ಣು, ಸ್ಥಾನಕ ಭಂಗಿ, ಕಿರೀಟಮಕುಟಧಾರಿ’ ಎಂದು. ಇದು ದಾಸ್ತಾನು ಪುಸ್ತಕದ ಭಾಷೆ. ಕಚೇರಿಯವರು ವಸ್ತುವನ್ನು ಗುರುತಿಟ್ಟುಕೊಳ್ಳಲು ಬರೆದುಕೊಂಡದ್ದನ್ನೇ ಜನರಿಗೂ ತೋರಿಸಿದಂತಿದೆ. ಇದು ಎಲ್ಲಿ ಸಿಕ್ಕಿತು, ಹೊಲದಲ್ಲೋ ಬಾವಿಯಲ್ಲೋ ಗುಡಿಯ ಗೋಡೆಯಲ್ಲೋ? ಮೊದಲು ಓದಿದವರು ಯಾರು? ಹತ್ತನೇ ಶತಮಾನ ಎಂದು ಹೇಗೆ ಗೊತ್ತಾಯಿತು, ಕಾಲವನ್ನು ಕಲ್ಲೇ ಹೇಳುತ್ತದೋ ಅಥವಾ ಅಕ್ಷರದ ರೂಪ ನೋಡಿ ಊಹಿಸಿದ್ದೋ? ಓದಲಾಗದ ಸಾಲುಗಳು ಎಷ್ಟು? ಈ ನಾಲ್ಕೈದು ಸಂಗತಿಗಳನ್ನು ಸರಳ ಕನ್ನಡದಲ್ಲಿ ಬರೆದರೆ ಫಲಕ ಅಂಗೈಯಗಲ ಹೆಚ್ಚಾಗಬಹುದು, ಅಷ್ಟೆ. ಬಿ.ಎಲ್. ರೈಸ್ ಮತ್ತು ಅವರ ಜೊತೆ ಹಳ್ಳಿಹಳ್ಳಿ ತಿರುಗಿದ ಪಂಡಿತರು, ಪಡಿಯಚ್ಚು ತೆಗೆದವರು ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೆ ಸೇರಿಸಿದರು. ಆ ಶ್ರಮದ ಸುಳಿವಾದರೂ ನೋಡುಗರಿಗೆ ಬೇಡವೆ?

ಅನುಮಾನವನ್ನು ಫಲಕದ ಮೇಲೆ ಬರೆಯಲು ನಮಗೆ ಒಂದು ಬಗೆಯ ಹೆದರಿಕೆ ಇದೆ. ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಂದಿನಿಂದ ‘ಕನ್ನಡದ ಮೊದಲ ಶಾಸನ, ಕ್ರಿ.ಶ. 450’ ಎಂಬುದು ಶಾಲೆಯ ಮಕ್ಕಳ ಬಾಯಿಪಾಠ. ಆ ಕಲ್ಲಿನಲ್ಲಿ ವರ್ಷ ಬರೆದಿಲ್ಲ. 450 ಎಂಬುದು ವಿದ್ವಾಂಸರ ಅಂದಾಜು, ಆ ಅಂದಾಜಿನ ಬಗ್ಗೆ ಅವರಲ್ಲೇ ಭಿನ್ನಾಭಿಪ್ರಾಯವಿದೆ. ಈಚೆಗೆ ತಾಳಗುಂದದ ಪ್ರಣವೇಶ್ವರ ಗುಡಿಯ ಬಳಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎಂಬ ವಾದ ಬಂದಿದೆ. ಇದನ್ನು ಕೇಳಿ ಹಲ್ಮಿಡಿಗೆ ಅವಮಾನವಾಯಿತು ಎಂದುಕೊಳ್ಳುವವರಿದ್ದಾರೆ. ಹಾಗೇನೂ ಇಲ್ಲ. ಹೊಸ ಸಾಕ್ಷಿ ಬಂದಾಗ ಹಳೆಯ ತೀರ್ಮಾನವನ್ನು ಮತ್ತೆ ತೂಗಿ ನೋಡುವುದೇ ವಿದ್ಯೆಯ ಕ್ರಮ. ಎರಡೂ ಶಾಸನಗಳ ಪಡಿಯಚ್ಚುಗಳನ್ನು ಒಂದೇ ಗೋಡೆಯ ಮೇಲೆ ತೂಗುಹಾಕಿ, ವಾದ ಏನು, ಪ್ರತಿವಾದ ಏನು ಎಂದು ಬರೆದರೆ ಅದೇ ಒಂದು ಗ್ಯಾಲರಿ. ಕನ್ನಡದ ಬಗ್ಗೆ ಪ್ರೀತಿ ಇರುವವರು ಆ ಗೋಡೆಯ ಮುಂದೆ ನಿಂತು ಬಹಳ ಹೊತ್ತು ಮಾತಾಡುವರು.

ಫಲಕ ಬರೆಯುವವರು ಯಾರು ಎಂಬುದೂ ಸಣ್ಣ ವಿಷಯವಲ್ಲ. ಟಿಪ್ಪು ಸುಲ್ತಾನನ ಮರದ ಹುಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾಗಿ ಲಂಡನ್ನಿಗೆ ಹೋಯಿತು. ಬಿಳಿಯ ಸಿಪಾಯಿಯೊಬ್ಬನನ್ನು ಕೆಡವಿಕೊಂಡ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಅದನ್ನು 1808ರಿಂದ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿ ತಿರುಗಿಸುತ್ತ ಎಬ್ಬಿಸುತ್ತಿದ್ದ ಸದ್ದಿಗೆ ಪಕ್ಕದ ಓದುವ ಕೋಣೆಯವರು ಬೇಸತ್ತು ದೂರುತ್ತಿದ್ದರು. ಆ ಕಾಲದ ಇಂಗ್ಲಿಷರಿಗೆ ಅದು ‘ಮೈಸೂರಿನ ದೊರೆ ಎಂಥ ಕ್ರೂರಿ’ ಎಂಬುದರ ಪುರಾವೆ, ಆದ್ದರಿಂದ ತಾವು ಮಾಡಿದ ಯುದ್ಧಕ್ಕೆ ಸಮರ್ಥನೆ. ಈಗ ಅದೇ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕನ್ನಡಿಗನೊಬ್ಬ ಅದರ ಮುಂದೆ ನಿಂತರೆ ಅವನಿಗೆ ಅದು ಲೂಟಿಯ ಪುರಾವೆ, ಆ ಕಾಲದ ಕುಶಲಕರ್ಮಿಗಳ ಜಾಣ್ಮೆಯ ಪುರಾವೆ, ಒಬ್ಬ ದೊರೆಯ ಕೋಪದ ಪುರಾವೆ. ವಸ್ತು ಒಂದೇ. ಅದು ಏನನ್ನು ಸಾಧಿಸುತ್ತದೆ ಎಂಬುದನ್ನು ಪಕ್ಕದ ಫಲಕ ನಿರ್ಧರಿಸಹೊರಡುತ್ತದೆ. ಆದ್ದರಿಂದಲೇ ಫಲಕ ತೀರ್ಪು ಕೊಡುವ ಬದಲು ಆಧಾರ ಕೊಡಬೇಕು. ಸಾಮ್ರಾಜ್ಯದವರು ಬರೆದ ತೀರ್ಪನ್ನು ಅಳಿಸಿ ನಮ್ಮ ತೀರ್ಪನ್ನು ಬರೆದರೆ ನೋಡುಗರ ಸ್ಥಿತಿ ಬದಲಾಗುವುದಿಲ್ಲ. ಅವರು ಆಗಲೂ ಕೇಳಿಸಿಕೊಳ್ಳುವವರೇ.

ಇಷ್ಟೆಲ್ಲ ಹೇಳಿದರೆ ಒಂದು ಆಕ್ಷೇಪ ಬರುತ್ತದೆ, ಅದನ್ನು ಗೌರವದಿಂದ ಕೇಳಬೇಕು. ಜನ ಮ್ಯೂಸಿಯಂಗೆ ಬರುವುದು ಸಂಶೋಧನೆಗಲ್ಲ, ಬೆರಗಿಗೆ. ಹಬ್ಬಕ್ಕೆ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವ ಜಾಗ ಅದು. ಬೆಂಗಳೂರಿನ ಮ್ಯೂಸಿಯಂ 1865ರಲ್ಲಿ ಆರಂಭವಾಗಲು ಕಾರಣರಾದ ಸರ್ಜನ್ ಎಡ್ವರ್ಡ್ ಬಾಲ್ಫರ್ ಇದನ್ನು ಚೆನ್ನಾಗಿ ತಿಳಿದಿದ್ದವರು. ಅದಕ್ಕೆ ಮೊದಲು ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದಾಗ ಅಲ್ಲಿ ಜೀವಂತ ಪ್ರಾಣಿಗಳನ್ನೂ ತಂದಿರಿಸಿದರು, ಜನ ತಂಡೋಪತಂಡವಾಗಿ ಬಂದರು. ಬೆರಗು ಕೀಳಲ್ಲ, ಕಲಿಕೆ ಶುರುವಾಗುವುದೇ ಅಲ್ಲಿಂದ. ನನ್ನ ತಕರಾರು ಬೆರಗಿನ ಮೇಲಲ್ಲ; ಬೆರಗಾದವನ ಬಾಯಿಂದ ‘ಹೇಗೆ?’ ಎಂಬ ಮಾತು ಹೊರಟಾಗ ಅಲ್ಲಿ ಉತ್ತರವೇ ಇರುವುದಿಲ್ಲ ಎಂಬುದರ ಮೇಲೆ.

ಅದೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಮಗು ಗುಂಡಿ ಒತ್ತುತ್ತದೆ, ಹಿಡಿ ತಿರುಗಿಸುತ್ತದೆ, ಹಲ್ಲುಗಾಲಿಗಳು ಒಂದನ್ನೊಂದು ತಿರುಗಿಸುವುದನ್ನು ನೋಡುತ್ತದೆ. ನಿಯಮವನ್ನು ನಂಬು ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಮಾಡಿ ನೋಡು ಎನ್ನುತ್ತಾರೆ. ವಿಜ್ಞಾನಕ್ಕೆ ನಾವು ಕೊಟ್ಟಿರುವ ಈ ಮರ್ಯಾದೆಯನ್ನು ಇತಿಹಾಸಕ್ಕೆ ಯಾಕೆ ಕೊಟ್ಟಿಲ್ಲ? ಶಾಸನದ ಅಚ್ಚೊಂದನ್ನು ಮಾಡಿಟ್ಟು, ಮಕ್ಕಳೇ ಅದರ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯಲು ಬಿಡಬಹುದು. ಬರಿಗಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಬೆಳ್ಳಗೆ ಮೂಡುವುದನ್ನು ಕಂಡ ಮಗುವಿಗೆ ‘ಶಾಸನ ಓದುವುದು’ ಎಂದರೇನು ಎಂದು ಮತ್ತೆ ವಿವರಿಸಬೇಕಾಗಿಲ್ಲ. ಇದಕ್ಕೆ ಬೇಕಾಗುವ ಖರ್ಚು ಒಂದು ದೊಡ್ಡ ಎಲ್‌ಇಡಿ ಪರದೆಗಿಂತ ಬಹಳ ಕಡಿಮೆ.

ಪರದೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಈಗ ಎಲ್ಲೆಡೆ ಬೆಳಕು-ಧ್ವನಿಯ ‘ಅನುಭವ ಕೇಂದ್ರ’ಗಳ ಕಾಲ. ಕತ್ತಲೆ ಕೋಣೆ, ಗೋಡೆ ತುಂಬ ಓಡುವ ಕುದುರೆಗಳು, ಗಂಭೀರ ಕಂಠದ ನಿರೂಪಣೆ. ಅಲ್ಲಿ ಒಂದು ಮೂಲ ವಸ್ತುವೂ ಇರುವುದಿಲ್ಲ. ಇವು ಚೆನ್ನಾಗಿರಬಹುದು, ಆದರೆ ಇವು ಮ್ಯೂಸಿಯಂ ಅಲ್ಲ. ಇಲ್ಲಿ ತೀರ್ಮಾನ ಮಾತ್ರ ಕಣ್ಣು ಕೋರೈಸುತ್ತದೆ, ಆಧಾರ ಕಾಣೆಯಾಗಿರುತ್ತದೆ. ಫೋನಿನ ಸಂದೇಶವನ್ನೇ ದೊಡ್ಡದು ಮಾಡಿ ತೋರಿಸಿದ ಹಾಗೆ. ಡಿಜಿಟಲ್ ಪ್ರತಿಗಳ ವಿಷಯ ಬೇರೆ, ಅವುಗಳನ್ನು ನಾನು ಸ್ವಾಗತಿಸುತ್ತೇನೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿದೆ, ಸವೆದ ಅಕ್ಷರಗಳೂ ಅದರಲ್ಲಿ ಓದಲು ಸಿಗುತ್ತವೆ. 2018ರ ಸೆಪ್ಟೆಂಬರ್‌ನಲ್ಲಿ ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂ ಸುಟ್ಟು, ಸುಮಾರು 2 ಕೋಟಿ ವಸ್ತುಗಳಲ್ಲಿ ಹೆಚ್ಚಿನವು ಬೂದಿಯಾದಾಗ, ಪ್ರತಿ ಮಾಡಿಟ್ಟುಕೊಳ್ಳುವುದು ಎಷ್ಟು ಅಗತ್ಯ ಎಂದು ಲೋಕಕ್ಕೇ ಗೊತ್ತಾಯಿತು. ಆದರೆ ಪ್ರತಿ ತನ್ನನ್ನು ಮಾಡಿದವರಿಗೆ ಹೊಳೆದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡಬಲ್ಲದು. ಕಲ್ಲು ಯಾವ ಗಣಿಯದು, ಉಳಿಯ ಗಾತ್ರ ಎಷ್ಟು, ಮೇಲೆ ಬಣ್ಣ ಇತ್ತೆ ಎಂದು ನಾಳೆ ಯಾರೋ ಕೇಳಿದರೆ ಮೂಲದ ಹತ್ತಿರವೇ ಬರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು, ನನಗೂ ಅದಕ್ಕೆ ಪೂರ್ತಿ ಸಮಾಧಾನ ಸಿಕ್ಕಿಲ್ಲ. ದಿನಾ ಪೂಜೆ ಆಗಬೇಕು ಎಂದು ಬರೆಸಿದ ಕಲ್ಲನ್ನು ಪೂಜೆಯೂ ಇಲ್ಲದ, ಚಲ್ಲೇಶ್ವರನೂ ಇಲ್ಲದ ನಗರಕ್ಕೆ ತಂದು ನಿಲ್ಲಿಸಿದ್ದು ನ್ಯಾಯವೆ? ಆತಕೂರಿನ ಮಕ್ಕಳು ತಮ್ಮ ಊರಿನ ನಾಯಿಯನ್ನು ನೋಡಲು ಬೆಂಗಳೂರಿಗೆ ಬಸ್ಸು ಹಿಡಿಯಬೇಕು. ಹಲ್ಮಿಡಿಯದೂ ಇದೇ ಕಥೆ, ಊರಿನಲ್ಲಿ ಉಳಿದಿರುವುದು ಪ್ರತಿಕೃತಿ. ಊರಿನಲ್ಲೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡೂ ಬಗೆಯ ನಿದರ್ಶನಗಳಿವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆ ಶಾಸನ ಈಗಲೂ ಅದೇ ಬೆಟ್ಟದಲ್ಲಿದೆ. ‘ದೇವಾನಂಪಿಯ’ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೇ ಹೇಳಿ ಆ ರಾಜ ಯಾರೆಂಬ ಶಂಕೆಯನ್ನು ಕೊನೆಗಾಣಿಸಿದ ಬಂಡೆ ಅದು. ಸನ್ನತಿಯಲ್ಲಿ ಮಾತ್ರ ಅಶೋಕನ ಶಾಸನದ ಚಪ್ಪಡಿಯನ್ನು ಕೊರೆದು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿದ್ದರು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಅದು ಗೊತ್ತಾಯಿತು. ಪೀಠ ಮಾಡಿದವರಿಗೆ ಕೇಡಿನ ಉದ್ದೇಶವಿರಲಿಲ್ಲ. ಅವರಿಗೆ ಅದು ಒಳ್ಳೆಯ ಚಪ್ಪಡಿ, ಅದರ ಮೇಲಿನ ಗೆರೆಗಳನ್ನು ಓದುವವರು ಆ ಸೀಮೆಯಲ್ಲಿ ಉಳಿದಿರಲಿಲ್ಲ. ಸ್ಥಳದಲ್ಲಿ ಉಳಿಯುವುದಾದರೂ ನಗರಕ್ಕೆ ಬರುವುದಾದರೂ ಕಲ್ಲನ್ನು ಕಾಯುವುದು ಅದನ್ನು ಬಲ್ಲ ಜನ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸ್ಥಾವರವಾದದ್ದನ್ನು, ಕಾವಲು ಸಾಧ್ಯವಿರುವುದನ್ನು ಊರಿನಲ್ಲೇ ಬಿಡಬೇಕು. ಅಪಾಯದಲ್ಲಿರುವುದನ್ನು ತರಲೇಬೇಕಾದರೆ, ಊರಿಗೆ ಬರೀ ಫೈಬರ್ ಗ್ಲಾಸಿನ ಪ್ರತಿಕೃತಿ ಕೊಟ್ಟು ಕೈತೊಳೆದುಕೊಳ್ಳದೆ, ಆ ಕಲ್ಲಿನ ಓದನ್ನೂ ಕೊಡಬೇಕು. ಅಲ್ಲಿನ ಶಾಲೆಯ ಗೋಡೆಯ ಮೇಲೆ ಮೂಲಪಾಠ, ಹೊಸಗನ್ನಡದ ಅರ್ಥ, ಕಲ್ಲು ಈಗ ಎಲ್ಲಿದೆ ಎಂಬ ವಿಳಾಸ, ವರ್ಷಕ್ಕೊಮ್ಮೆ ಆ ಮಕ್ಕಳನ್ನು ಸರ್ಕಾರದ ಖರ್ಚಿನಲ್ಲಿ ಕರೆತಂದು ತೋರಿಸುವ ಏರ್ಪಾಡು. ಆ ಕಲ್ಲಿನ ಮೇಲೆ ಅವರಿಗೆ ನಮಗಿಂತ ಹೆಚ್ಚಿನ ಹಕ್ಕಿದೆ.

ಶಾಸನ ಬರೆಸಿದವರು ಉಳ್ಳವರು. ಬರೆಸದವರ ಬದುಕಿಗೂ ಸಾಕ್ಷಿ ಬೇಕಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅವರಂಥವರು ಊರೂರು ಸುತ್ತಿ ಕೂಡಿಸಿದ ಜಾನಪದ ವಸ್ತುಗಳು, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಈ ಕಾರಣಕ್ಕೇ ನನಗೆ ಅರಮನೆಗಳಿಗಿಂತ ದೊಡ್ಡವಾಗಿ ಕಾಣುತ್ತವೆ. ಕೊಳಗ, ಸೇರು, ಪಾವು, ಬೀಸುವ ಕಲ್ಲು, ಕೂರಿಗೆ, ತೊಗಲುಗೊಂಬೆ, ಸೋಮನ ಮುಖ. ಇಲ್ಲಿ ಬೇರೆಲ್ಲೂ ಕಾಣದ ಒಂದು ದೃಶ್ಯ ಕಾಣುತ್ತದೆ: ಫಲಕ ಓದದೆ ಅಜ್ಜಿಯೇ ಮೊಮ್ಮಗಳಿಗೆ ಹೇಳುತ್ತಿರುತ್ತಾಳೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವಾಗ ಬೆರಳು ಹೇಗಿರಬೇಕು, ಬೀಸುವಾಗ ಯಾವ ಹಾಡು, ಕೊಳಗದಲ್ಲಿ ಅಳೆಯುವಾಗ ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದುದು. ಇಲ್ಲಿ ಮ್ಯೂಸಿಯಂಗಿಂತ ಹೆಚ್ಚು ತಿಳಿದವರು ಟಿಕೆಟ್ ಕೊಂಡು ಒಳಗೆ ಬಂದಿರುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳುವವರು, ಧ್ವನಿಮುದ್ರಿಸಿಕೊಳ್ಳುವವರು ಇಂಥ ಪ್ರತಿಯೊಂದು ಕಡೆಯೂ ಇರಬೇಕು. ಕೂರಿಗೆ ಇನ್ನೂ ನೂರು ವರ್ಷ ಬಾಳುತ್ತದೆ, ಅದನ್ನು ಹಿಡಿದು ಬಿತ್ತಿದವರಿಗೆ ಆಗಲೇ ವಯಸ್ಸಾಗಿದೆ.

ಇವೆಲ್ಲ ಕೋಟಿಗಟ್ಟಲೆ ಹಣ ಬೇಡುವ ಕೆಲಸಗಳಲ್ಲ, ಜನರನ್ನು ಬೇಡುವ ಕೆಲಸಗಳು. ಹೊಸ ಕಟ್ಟಡಕ್ಕೆ ಅನುದಾನ ಸಿಗುತ್ತದೆ, ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಶಾಸನ ಓದಿ ಹೇಳಬಲ್ಲ ಇಬ್ಬರನ್ನು ಕಾಯಂ ನೇಮಿಸಿಕೊಳ್ಳುವ ಕಡತ ಮಾತ್ರ ಕದಲುವುದಿಲ್ಲ. ಕನ್ನಡ ಎಂ.ಎ. ಮಾಡಿ, ಹಳಗನ್ನಡ ಓದಲು ಬಂದು, ಕೆಲಸವಿಲ್ಲದೆ ಕುಳಿತ ತರುಣ ತರುಣಿಯರು ಎಲ್ಲ ಜಿಲ್ಲೆಗಳಲ್ಲಿದ್ದಾರೆ. ಅವರಿಗೆ ಆರು ತಿಂಗಳು ಲಿಪಿಶಾಸ್ತ್ರ ಕಲಿಸಿ ಮ್ಯೂಸಿಯಂಗಳಲ್ಲಿ ನಿಲ್ಲಿಸಬಹುದು. ಶಾಲೆಗಳೂ ಒಂದು ಬದಲಾವಣೆ ಮಾಡಿಕೊಳ್ಳಬೇಕು. ಇನ್ನೂರು ಮಕ್ಕಳನ್ನು ಸಾಲಾಗಿ, ಬಾಯಿ ಮುಚ್ಚಿಸಿ, ಒಂದು ಗಂಟೆಯಲ್ಲಿ ಹದಿನೆಂಟು ಕೋಣೆ ಸುತ್ತಿಸುವ ಪ್ರವಾಸವನ್ನು ಕೈಬಿಟ್ಟು, ಮೂವತ್ತು ಮಕ್ಕಳನ್ನು ಒಂದೇ ವಸ್ತುವಿನ ಮುಂದೆ ಅರ್ಧ ಗಂಟೆ ಕೂರಿಸಲಿ. ನೋಡಿ ಚಿತ್ರ ಬರೆಯಲಿ, ಅಳೆಯಲಿ, ಕಂಡದ್ದು ಯಾವುದು ಊಹಿಸಿದ್ದು ಯಾವುದು ಎಂದು ಎರಡು ಪಟ್ಟಿ ಮಾಡಲಿ. ಊಹೆಯ ಪಟ್ಟಿ ಉದ್ದವಾದಷ್ಟೂ ಮೇಷ್ಟರು ಸಂತೋಷಪಡಬೇಕು. ಆ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ‘ಇದನ್ನು ತಿಳಿಯಲು ಇನ್ನೇನು ನೋಡಬೇಕು?’ ಎಂದು ಕೇಳುವುದೇ ಮುಂದಿನ ತರಗತಿಯ ಪಾಠವಾಗುತ್ತದೆ.